ಘಟಸರ್ಪದ ಎರಡು ಉಸಿರು

ಇಪ್ಪತ್ತಾರು ವರ್ಷ ನಾನು ಮನೆಯಲ್ಲಿ ಒಂದು ಲೋಟವನ್ನೂ ತೊಳೆದವನಲ್ಲ. ಸೋಮಾರಿ ಎಂದುಕೊಳ್ಳಬೇಡಿ. ಇದು ಯುದ್ಧದಲ್ಲಿ ಗೆದ್ದ ಹಕ್ಕು. ಮದುವೆಗೆ ಮುಂಚೆ ನಾನೊಂದು ಘಟಸರ್ಪವನ್ನು ಕೊಂದಿದ್ದೇನೆ. (ನಗಬೇಡಿ, ದಾಖಲೆ ಇದೆ. ಆ ದಾಖಲೆಯೇ ನನಗೆ ಮುಳುವಾಯಿತು, ಅದು ಬೇರೆ ಮಾತು.)

ಆಗ ನಮ್ಮದೊಂದು ಗುಂಪಿತ್ತು. ಶನಿವಾರ ಸಂಜೆ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ದಾಳದ ಆಟ ಆಡುತ್ತಿದ್ದೆವು. ಕೆಳಗಿನಿಂದ ಪಂಕ್ಚರ್ ಸಲ್ಯೂಷನ್ ವಾಸನೆ ಬರುತ್ತಿತ್ತು, ಮೇಲೆ ನಾವು ವೀರಾಧಿವೀರರು. ಮೇಜಿನ ಆ ತುದಿಯಲ್ಲಿ ರಟ್ಟಿನ ಮರೆ ನಿಲ್ಲಿಸಿಕೊಂಡು, ರಾಕ್ಷಸರನ್ನೆಲ್ಲ ಒಬ್ಬಳೇ ಆಡಿಸುವ ಸೂತ್ರಧಾರಿಣಿ ಕೂರುತ್ತಿದ್ದಳು. ಔಷಧದಂಗಡಿಯಲ್ಲಿ ಕೆಲಸ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಆ ಪೆನ್ಸಿಲ್ಲಿಗೇ ನಾನು ಮನಸೋತದ್ದು. ಸಾಮಾನಿನ ಚೀಟಿ ಬರೆಯುವಾಗ ಅದು ಈಗಲೂ ಅಲ್ಲೇ ಇರುತ್ತದೆ, ಸುತ್ತಲಿನ ಕೂದಲು ಮಾತ್ರ ಬೆಳ್ಳಗಾಗಿದೆ.

ಆಟದ ಲೆಕ್ಕ ಸುಲಭ. ಪ್ರತಿಯೊಬ್ಬರಿಗೂ ಇಷ್ಟು ಅಂತ ಉಸಿರು. ಇಪ್ಪತ್ತು ಮುಖದ ದಾಳ ಉರುಳಿಸಿದರೆ ಏಟು ತಾಗಿತೋ ಇಲ್ಲವೋ ಗೊತ್ತಾಗುತ್ತದೆ. ತಾಗಿದರೆ ಕತ್ತಿಯ ದಾಳ ಹಾಕಿ, ಬಿದ್ದದ್ದಕ್ಕೆ ತೋಳಿನ ಬಲ ಕೂಡಿ. ಅದೇ ಪೆಟ್ಟು, ಎದುರಾಳಿಗೆ ಅಷ್ಟು ಉಸಿರು ಖೋತಾ; ಅವನು ಕವಚ ತೊಟ್ಟಿದ್ದರೆ ಅದರ ಬಲದಷ್ಟು ಕಡಿಮೆ. ದೊಡ್ಡ ದಾಳದಲ್ಲಿ ಇಪ್ಪತ್ತೇ ಬಿದ್ದರಂತೂ ಪೆಟ್ಟು ಇಮ್ಮಡಿ.

ಕೊನೆಯ ಶನಿವಾರ ಘಟಸರ್ಪ ನಮ್ಮವರನ್ನೆಲ್ಲ ಸಾಲಾಗಿ ಮಲಗಿಸಿತ್ತು. ಉಳಿದವನು ನಾನೊಬ್ಬ, ಅದೂ ಮೂರೇ ಉಸಿರಿನವನು.

"ಇದನ್ನ ಕೊಂದ್ರೆ, ಮದುವೆ ಆದ್ಮೇಲೆ ಜನ್ಮದಲ್ಲಿ ನಿಮ್ಮ ಕೈಲಿ ಪಾತ್ರೆ ಮುಟ್ಟಿಸಲ್ಲ," ಅಂದಳು ಸೂತ್ರಧಾರಿಣಿ.

ಮದುವೆಯ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ದಾಳ ಉರುಳಿಸಿದೆ. ಇಪ್ಪತ್ತು. ಕತ್ತಿಯ ದಾಳದಲ್ಲಿ ಏಳು, ತೋಳಿನ ಬಲ ನಾಲ್ಕು, ಒಟ್ಟು ಹನ್ನೊಂದು, ಇಮ್ಮಡಿ ಮಾಡಿದರೆ ಇಪ್ಪತ್ತೆರಡು. ಅವಳು ಮರೆಯ ಹಿಂದೆ ತನ್ನ ಚೀಟಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ "ಸತ್ತೋಯ್ತು" ಅಂದಳು.

ಕಳೆದ ಭಾನುವಾರ ಊಟವಾದ ಮೇಲೆ ಮಗಳು ತಕರಾರು ತೆಗೆದಳು. "ಅಪ್ಪಾ, ಇವತ್ತು ಪಾತ್ರೆ ನೀನು ತೊಳಿ."

"ಘಟಸರ್ಪ ಕೊಂದ ಕೈ ಕಣಮ್ಮಾ ಇದು."

"ಸಾಕ್ಷಿ ತೋರಿಸು ನೋಡೋಣ."

ಅಟ್ಟ ಹತ್ತಿ ಹಳೆಯ ತಗಡಿನ ಡಬ್ಬಿ ಇಳಿಸಿದೆ. ಮೂಲೆ ಮುಕ್ಕಾದ ಕತ್ತಿಯ ದಾಳ, ಉಳಿದ ದಾಳಗಳು, ಉಸಿರು ಪೆಟ್ಟುಗಳ ಲೆಕ್ಕ ಬರೆದ ನಮ್ಮ ಚೀಟಿಗಳು, ನಿಯಮಗಳನ್ನು ಬರೆದಿಟ್ಟ ಪುಸ್ತಕ, ಎಲ್ಲವೂ ಅಲ್ಲೇ ಇದ್ದವು. ಮುಚ್ಚಳ ತೆಗೆದಾಗ ಸಲ್ಯೂಷನ್ ವಾಸನೆ ಬಂದಂತಾಯಿತು. ಆ ಕೋಣೆ ನನಗೆ ಈಗಲೂ ಬೇಕು ಅನ್ನಿಸುತ್ತದೆ.

ಮಗಳಿಗೆ ಆ ವಾಸನೆ ಗೀಸನೆ ಏನೂ ಬರಲಿಲ್ಲ. ಅವಳು ಚೀಟಿ, ಪುಸ್ತಕ ಎರಡನ್ನೂ ಓದುತ್ತಿದ್ದಳು.

"ಅಪ್ಪಾ, ಇಮ್ಮಡಿ ಆಗೋದು ದಾಳದಲ್ಲಿ ಬಿದ್ದದ್ದು ಮಾತ್ರ. ತೋಳಿನ ಬಲ ಆಮೇಲೆ ಸೇರಿಸ್ಬೇಕು. ಏಳೆರಡ್ಲೆ ಹದಿನಾಲ್ಕು, ನಾಲ್ಕು ಕೂಡಿದ್ರೆ ಹದಿನೆಂಟು. ಅಮ್ಮನ ಚೀಟೀಲಿ ಘಟಸರ್ಪಕ್ಕೆ ಆಗ ಉಳಿದಿದ್ದದ್ದು ಇಪ್ಪತ್ತು ಉಸಿರು. ಗುಣಿಸಿ ಕೂಡೋ ಕಡೆ ನೀನು ಕೂಡಿ ಗುಣಿಸಿದ್ದೀಯ."

ನನ್ನ ಉದ್ಯೋಗ ಹೇಳಲಿಲ್ಲ ಅಲ್ಲವೇ? ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಎರಡು ಗ್ರಾಂ ಕಡಿಮೆ ತೂಗಿದ್ದಕ್ಕೆ ತಕ್ಕಡಿ ಜಪ್ತಿ ಮಾಡಿದ ಮಹಾನುಭಾವ.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ನಂಗೆ ಅವತ್ತೇ ಗೊತ್ತಿತ್ತು."

"ಮತ್ತೆ ಸತ್ತೋಯ್ತು ಅಂದ್ಯಲ್ಲೇ?"

"ಮುಂದಿನ ಸರದಿ ಅದರದ್ದು. ನಿಮಗಿದ್ದದ್ದು ಮೂರು ಉಸಿರು. ನೀವು ಸಾಯೋದು ನೋಡಕ್ಕೆ ಮನಸ್ಸು ಬರ್ಲಿಲ್ಲ ರೀ."

ನನ್ನ ಕಣ್ಣು ತುಂಬಿತು. ಲೆಕ್ಕ ತಪ್ಪಿದ್ದಕ್ಕೇ ನನ್ನ ಬಾಳು ಸರಿಹೋಗಿತ್ತು. ಕೂಡುವುದೇ ಮೊದಲು, ಗುಣಗಾನ ಎಲ್ಲ ಆಮೇಲೆ ಎಂದು ನಾನು ಅಂದೇ ಕಂಡುಕೊಂಡಿದ್ದೆನಲ್ಲ. ಅವಳ ಕೈ ಹಿಡಿದು ಕೇಳಿದೆ: "ಈಗಲೂ ಮನಸ್ಸು ಬರಲ್ವಾ?"

"ಈಗ ಬರುತ್ತೆ," ಅಂದು ಕೈ ಬಿಡಿಸಿಕೊಂಡಳು. ಕಿವಿಯಿಂದ ಪೆನ್ಸಿಲ್ ತೆಗೆದು ನನ್ನೆದುರು ಕೂತಳು. "ಅದರ ಸರದಿ ಹಾಗೇ ಉಳಿದಿದೆ."

ಅವಳು ಉರುಳಿಸಿದ ದೊಡ್ಡ ದಾಳದಲ್ಲಿ ಹದಿನೇಳು. ತಾಗಿತು. ಕೋರೆಹಲ್ಲಿನ ದಾಳ ಎರಡು: ನಾಲ್ಕು, ಮೂರು.

"ಏಳು. ಅದರಲ್ಲಿ ನಿಮ್ಮ ಕವಚದ ಎರಡು ಕಳೀರಿ."

"ಐದು," ಅಂದೆ. ಇನ್ಸ್‌ಪೆಕ್ಟರ್ ಬಾಯಿ, ಸುಳ್ಳು ಬರಲಿಲ್ಲ.

"ಉಸಿರು ಎಷ್ಟಿತ್ತು?"

"ಮೂರು. ಆದ್ರೆ ಸತ್ತವನು ಪಾತ್ರೆ ಹೇಗೆ ತೊಳೀತಾನೆ?"

"ನಿಧಾನಕ್ಕೆ ತೊಳೀತಾನೆ. ಅವಸರ ಏನಿಲ್ಲ," ಅಂದಳು.

ಮಗಳು ಸ್ಕ್ರಬ್ಬರ್ ತಂದು ಕೈಗಿತ್ತಳು. ಅರ್ಧ ಗಂಟೆ ತಿಕ್ಕಿ, ಎಲ್ಲ ಮುಗಿಯಿತೆಂದು ಸೀದ ಬಾಣಲೆಯನ್ನು ಬೋರಲು ಹಾಕಿದೆ. ಹಿಂದೆ ನಿಂತಿದ್ದ ಸೂತ್ರಧಾರಿಣಿ ಅದನ್ನೆತ್ತಿ, ಬೆಳಕಿಗೆ ಹಿಡಿದು, ಪೆನ್ಸಿಲ್ ತುದಿಯಿಂದ ತಳ ಕೆರೆದು ನೋಡಿದಳು.

"ಇದಕ್ಕೆ ಇನ್ನೂ ಎರಡು ಉಸಿರಿದೆ ರೀ. ಇನ್ನೊಂದ್ಸಲ ತಿಕ್ಕಿ."