ರೊಟ್ಟಿಯ ಮೇಲೆ ಹತ್ತು ಬೋಲ್ಟು

ನನಗೆ ಕುಡಿಯುವ ಚಟವಿಲ್ಲ, ಇಸ್ಪೀಟು ಬರುವುದಿಲ್ಲ, ಎಲೆಗೆ ಸುಣ್ಣ ಎಷ್ಟು ಹಚ್ಚಬೇಕೆಂಬುದೂ ತಿಳಿಯದು. ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗಲೆಲ್ಲ ನನ್ನ ಹೆಂಡತಿ ನಾಗರತ್ನ, “ಅವೇನಾದ್ರೂ ಇದ್ದಿದ್ರ ಬಿಡಿಸಾಕ ಶಿಬಿರ ಅದಾವು. ನಿಮ್ಮದಕ್ಕ ಎಲ್ಲಿ ಕರ್ಕೊಂಡು ಹೋಗ್ಲಿ?” ಎನ್ನುತ್ತಾಳೆ. ನನ್ನದು ಬೋಲ್ಟಿನ ಚಟ. ಹಳೆಯ ನಟ್ಟು, ಬೋಲ್ಟು, ವಾಷರು ಯಾವುದನ್ನೂ ಎಸೆಯಲು ನನಗೆ ಕೈ ಬರುವುದಿಲ್ಲ. ತಿಕ್ಕಿ ತೊಳೆದು ಎಣ್ಣೆ ಹಚ್ಚಿದರೆ ಇನ್ನೊಂದು ಆಯುಷ್ಯ ಬಾಳುತ್ತವೆ ಎಂಬುದು ನನ್ನ ನಂಬಿಕೆ. ದಾರಿಯಲ್ಲಿ ಬಿದ್ದದ್ದು ಕಂಡರೂ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ ಎತ್ತಿಕೊಳ್ಳುತ್ತೇನೆ. ಒಮ್ಮೆ ಹೀಗೆ ಬಗ್ಗಿದಾಗ ಎದುರಿಗೆ ಬರುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಮೇಷ್ಟ್ರೇ ತನ್ನ ಕಾಲಿಗೆ ಬೀಳುತ್ತಿದ್ದಾರೆಂದು ಗಾಬರಿಯಾಗಿ ಹಿಂದಕ್ಕೆ ಹಾರಿ ಚರಂಡಿಗೆ ಕಾಲಿಟ್ಟ. ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಗಳೆಷ್ಟೋ ಇವೆ, ಬಿಸ್ಕತ್ತು ಮಾತ್ರ ಒಂದರಲ್ಲೂ ಇಲ್ಲ.

ಇಂಥವನ ಬಳಿ ಹಳೆಯ ಕಾರೊಂದು ಇದ್ದರೆ ಏನಾಗಬೇಕೋ ಅದೇ ಆಗಿದೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮನೆಯ ಮುಂದೆ ನಿಂತಿರುವ ಕಾರಿಗೆ ನಾನು ಮೂರನೆಯ ಮಾಲೀಕ. ಹೋದ ವರ್ಷ ಮದುವೆಯೊಂದಕ್ಕೆ ಹೊರಟಾಗ ಹಡಗಲಿ ರಸ್ತೆಯಲ್ಲಿ ಅದು ನಿಂತು, ನಾಗರತ್ನ ರೇಷ್ಮೆ ಸೀರೆ ಎತ್ತಿ ಕಟ್ಟಿ ತಳ್ಳಿದ್ದಳು. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ, ಯಾರಾದರೊಬ್ಬರು ಹಿಡಿಯಲೇಬೇಕಲ್ಲ. ಅಂದಿನಿಂದ ಆ ಮದುವೆಯ ಮಾತು ನಮ್ಮ ಮನೆಯಲ್ಲಿ ಬರುವುದಿಲ್ಲ.

ಈ ಸಲ ಹರಪನಹಳ್ಳಿ ಹತ್ತಿರದ ತೆಲಿಗಿಯಲ್ಲಿ ಅವಳ ತಂಗಿಯ ಮಗಳಿಗೆ ಭಾನುವಾರ ಕುಬಸ. ಬಸುರಿ ಹುಡುಗಿಗೆ ದೊಡ್ಡಮ್ಮನೇ ಮೊದಲು ಉಡಿ ತುಂಬಬೇಕು, ಹನ್ನೊಂದಕ್ಕೆ ಅಲ್ಲಿರಲೇಬೇಕು. ನನ್ನ ಷಡ್ಡಕ ಹೊಸ ಕಾರು ಕೊಂಡಿದ್ದಾನೆ. ಫೋನಿನಲ್ಲಿ ಅವನು, “ಹೆಂಗ ಬರ್ತೀರಿ ಅಣ್ಣಾರ? ಬಸ್ಸಿಗಾದ್ರ ಮುಂಜಾನಿ ಹೊಂಡ್ರಿ, ಕಾರಿಗಾದ್ರ ಹಿಂದಿನ ದಿನಾನ ಹೊಂಡ್ರಿ” ಎಂದುಬಿಟ್ಟ. ನನಗೆ ಉರಿದುಹೋಯಿತು. ಏನೇ ಆದರೂ ಕಾರಿನಲ್ಲೇ ಹೋಗಿ ಅವನ ಕಾರಿನ ಪಕ್ಕದಲ್ಲೇ ನಿಲ್ಲಿಸುತ್ತೇನೆಂದು ಅಂದೇ ತೀರ್ಮಾನಿಸಿದೆ.

ಇಂಜಿನ್ನಿನ ಮೇಲಿನ ಮುಚ್ಚಳದಿಂದ ಎಣ್ಣೆ ಸೋರುತ್ತಿತ್ತು. ಶುಕ್ರವಾರ ಸಂಜೆ ಮೆಕ್ಯಾನಿಕ್ ಕೊಟ್ರೇಶಿ ನಮ್ಮ ಅಂಗಳದಲ್ಲೇ ಅದನ್ನು ಬಿಚ್ಚಿದ. ಅವನೂ ನನ್ನ ವಿದ್ಯಾರ್ಥಿಯೇ. ಗಣಿತದಲ್ಲಿ ಅವನನ್ನು ದಾಟಿಸಲು ನಾನು ಪಟ್ಟ ಕಷ್ಟವನ್ನು ಈಗ ಅವನು ನನ್ನ ಕಾರಿನ ಮೇಲೆ ಪಡುತ್ತಿದ್ದಾನೆ. “ಸರ, ಇವು ತುಕ್ಕು ಹಿಡಿದಾವು. ಹತ್ತೂ ಹೊಸಾವು ಹಾಕಿಬಿಡ್ತೀನಿ” ಎಂದ. “ಲೇ ಕೊಟ್ರೇಶಿ, ತಿರುಪು ಸವೆದಿಲ್ಲ, ನೆತ್ತಿ ಸವೆದಿಲ್ಲ. ತುಕ್ಕು ಹಿಡಿದವರನ್ನೆಲ್ಲ ತೆಗೆದ್ರ ಸ್ಟಾಫ್ ರೂಮ್‌ನಾಗ ಯಾರು ಉಳೀತಾರ?” ಎಂದೆ. ಅವನು ಹತ್ತನ್ನೂ ನನ್ನ ಕೈಗೆ ಹಾಕಿದ. ಆದರೆ ಒಂದು ಮಾತು ಹೇಳಿ ಹೋದ: ಬೋಲ್ಟುಗಳಲ್ಲಿ ಕೆಲವು ಗಿಡ್ಡ, ಕೆಲವು ಉದ್ದ, ಯಾವುದು ಎಲ್ಲಿಯದೋ ಅಲ್ಲಿಯೇ ಕೂರಬೇಕು. ಅದಕ್ಕೇ ಗ್ಯಾರೇಜಿನವರು ರಟ್ಟಿನ ಮೇಲೆ ಮುಚ್ಚಳದ ಆಕಾರಕ್ಕೆ ಸರಿಯಾಗಿ ತೂತು ಕೊರೆದು, ಬಿಚ್ಚಿದ ಬೋಲ್ಟುಗಳನ್ನು ಅದರಲ್ಲಿ ಚುಚ್ಚಿಡುತ್ತಾರೆ.

ರಟ್ಟು ಎಲ್ಲಿ ತರುವುದು? ಮನೆಯ ರಟ್ಟನ್ನೆಲ್ಲ ನಾಗರತ್ನ ರದ್ದಿಯವನಿಗೆ ಹಾಕಿದ್ದಳು. ಅಡುಗೆಮನೆಯಲ್ಲಿ ಆಗತಾನೇ ಸುಟ್ಟ ಜೋಳದ ರೊಟ್ಟಿಗಳಿದ್ದವು. ಬಿಸಿಯಿರುವಾಗಲೇ ಒಂದಕ್ಕೆ ಹತ್ತು ತೂತು ಮಾಡಿ ಒಲೆಯ ಪಕ್ಕ ಒಣಗಲು ಇಟ್ಟೆ. ನಮ್ಮ ಕಡೆಯ ರೊಟ್ಟಿ ಒಣಗಿದರೆ ಯಾವ ರಟ್ಟಿಗೂ ಸೋಲುವುದಿಲ್ಲ. ತುಕ್ಕು ತೊಳೆಯುವ ಡೀಸೆಲ್ ಮನೆಯೊಳಗೆ ತರಕೂಡದೆಂದು ನಾಗರತ್ನಳ ಕಾಯಿದೆ ಇರುವುದರಿಂದ, ಬೋಲ್ಟುಗಳನ್ನು ದೇವರ ಸಾಮಾನು ತಿಕ್ಕುವ ಹಾಗೆ ಹುಣಸೆಹುಳಿ, ಉಪ್ಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಮತ್ತೆ ತುಕ್ಕು ಹಿಡಿಯದಿರಲಿ ಎಂದು ಕುಸುಬಿ ಎಣ್ಣೆ ಸವರಿದೆ. ಶನಿವಾರ ಬೆಳಗ್ಗೆ ಹತ್ತನ್ನೂ ರೊಟ್ಟಿಯ ತೂತುಗಳಲ್ಲಿ ಚುಚ್ಚಿ, ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಸ್ನಾನಕ್ಕೆ ಹೋದೆ. ಹುಳಿ, ಉಪ್ಪು, ಎಣ್ಣೆ ಹಚ್ಚಿದ ರೊಟ್ಟಿಯನ್ನು ನಾನು ಬಡಿಸಿಟ್ಟಿದ್ದೇನೆಂಬುದು ಮಾತ್ರ ಹೊಳೆಯಲಿಲ್ಲ.

ಅದು ಹೊಳೆದದ್ದು ಪಕ್ಕದ ಮನೆಯ ದುರುಗಮ್ಮನ ಮೇಕೆಗೆ. ನಾನು ಟವೆಲ್ ಸುತ್ತಿಕೊಂಡು ಹೊರಬರುವಾಗ ಕಟ್ಟೆಯ ಮೇಲೆ ರೊಟ್ಟಿಯ ಚೂರೂ ಇರಲಿಲ್ಲ. ಬೋಲ್ಟುಗಳು ಅಂಗಳದ ತುಂಬ ಚೆಲ್ಲಿದ್ದವು. ಆರಿಸಿ ಎಣಿಸಿದೆ, ಒಂಬತ್ತು. ಮತ್ತೆ ಎಣಿಸಿದೆ, ಮತ್ತೂ ಒಂಬತ್ತೇ. ಮೇಕೆ ನನ್ನನ್ನು ನೋಡುತ್ತ ಬಾಯಾಡಿಸುತ್ತಿತ್ತು.

“ನಿನ್ನ ಮೇಕಿ ನನ್ನ ಬೋಲ್ಟು ನುಂಗೈತಿ” ಎಂದೆ. ದುರುಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಕಬ್ಬಿಣ ತಿನಿಸಿ ನನ್ನ ಮೇಕಿ ಸಾಯಿಸಾಕ ಹತ್ತೀರೇನ್ರಿ ಮೇಷ್ಟ್ರೇ? ಅದು ಹೊರಗ ಬರೋತನ ನೀವೇ ಕಾಯ್ರಿ” ಎಂದು ಮೇಕೆಯನ್ನು ನಮ್ಮ ಬೇವಿನ ಮರಕ್ಕೆ ಕಟ್ಟಿ ಹೋದಳು. ಆಗ ನಾಗರತ್ನ ಒಳಗಿನಿಂದ ಬಂದು, “ಏನ್ರೀ, ಆ ಬೋಲ್ಟು...” ಎಂದು ಶುರುಮಾಡಿದಳು. “ನೀ ನಡುವ ಬಾಯಿ ಹಾಕಬ್ಯಾಡ. ಇದು ಇಂಜಿನ್ ವಿಷಯ” ಎಂದು ಗದರಿದೆ. ಅವಳು ನನ್ನನ್ನೂ ಕಾರನ್ನೂ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಡಬ್ಬಿಗಳಲ್ಲಿದ್ದ ಬೋಲ್ಟುಗಳನ್ನೆಲ್ಲ ಸುರಿದು ಹುಡುಕಿದೆ, ಒಂದೂ ಹೊಂದಲಿಲ್ಲ. ಕೊಟ್ರೇಶಿ ಹೊಸ ಬೋಲ್ಟು ಹಿಡಿದುಕೊಂಡು ಬಂದ. ಬೇಡವೆಂದೆ. ಹೊಟ್ಟೆಯಲ್ಲಿ ನಮ್ಮದೇ ಇರುವಾಗ ಹೊಸದೇಕೆ? ಸಂಜೆಯೊಳಗೆ ಬಂದೇ ಬರುತ್ತದೆ, ತೊಳೆಯುವುದಂತೂ ನನಗೆ ಹೊಸದಲ್ಲ. ಅವನು ನಗು ತಡೆದುಕೊಂಡು ಹೊರಟ. ನಾನು ಕೋಲು ಹಿಡಿದು ಮೇಕೆಯ ಹಿಂದೆ ಕೂತೆ. ಹಿಕ್ಕೆ ಎಷ್ಟು ದೊಡ್ಡದು, ಬೋಲ್ಟು ಎಷ್ಟು ಉದ್ದ ಎಂದು ಹೋಲಿಸಿ ನೋಡುವ ಬುದ್ಧಿ ಗಣಿತದ ಮೇಷ್ಟ್ರಿಗೆ ಬರಲಿಲ್ಲ.

ಭಾನುವಾರ ಬೆಳಗಾದರೂ ಬೋಲ್ಟು ಬರಲಿಲ್ಲ. ನಾಗರತ್ನ ಸೀರೆಯುಟ್ಟು, ಉಡಿ ಸಾಮಾನಿನ ಚೀಲ ಹಿಡಿದು ಹರಪನಹಳ್ಳಿ ಬಸ್ಸಿಗೆ ಹೊರಟಳು. “ಕುಕ್ಕರಿನಾಗ ಅನ್ನ ಐತಿ, ಉಣ್ರಿ” ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಊರೆಲ್ಲ ಹೇಳಿಕೊಂಡವನು ಮೇಕೆಯ ಬಾಲ ನೋಡುತ್ತ ಕೂತಿದ್ದೆ. ಮಧ್ಯಾಹ್ನ ಕುಕ್ಕರಿನ ಮುಚ್ಚಳ ತೆಗೆದು ಅನ್ನ ಹಾಕಿಕೊಂಡು, ತಟ್ಟೆಯ ಸಮೇತ ಮತ್ತೆ ಮೇಕೆಯ ಹಿಂದೆ ಕೂತೆ.

ಸಂಜೆ ಅವಳು ನಗುನಗುತ್ತ ಬಂದಳು. ಸರಿಯಾದ ಹೊತ್ತಿಗೆ ಹೋಗಿದ್ದಳಂತೆ, ಮೊದಲ ಉಡಿ ಅವಳದೇ ಆಯಿತಂತೆ. “ಕಾರೆಲ್ಲಿ ಅಂತ ಕೇಳಿದ್ರು. ಮೇಕಿ ತಿಂತು ಅಂದೆ” ಎಂದಳು. ಆಮೇಲೆ ಚಹಾಕ್ಕಿಡುತ್ತ, ಏನೂ ದೊಡ್ಡ ವಿಷಯವಲ್ಲವೆಂಬಂತೆ ಕುಕ್ಕರಿನ ಮುಚ್ಚಳವನ್ನು ನನ್ನ ಮುಂದಿಟ್ಟಳು. ಅಲ್ಲಾಡುತ್ತಿದ್ದ ಅದರ ಹಿಡಿಕೆಯಲ್ಲಿ ನನ್ನ ಹತ್ತನೆಯ ಬೋಲ್ಟು ಕೂತು ಮಿರಿಮಿರಿ ಮಿಂಚುತ್ತಿತ್ತು.

“ಶನಿವಾರ ನೀವು ಸ್ನಾನಕ್ಕ ಹೋದಾಗ ರೊಟ್ಟಿಯಿಂದ ಒಂದು ಕಿತ್ಕೊಂಡೆ. ಹಳೇದು ಬಿಸಾಕಬಾರ್ದು ಅಂತ ನೀವೇ ಅಂತೀರಲ್ಲ.”

“ಮತ್ತ ಹೇಳಬೇಕಿಲ್ಲೇನು?”

“ಹೇಳಾಕ ಬಂದೆ. ನಡುವ ಬಾಯಿ ಹಾಕಬ್ಯಾಡ ಅಂದ್ರಿ. ನನಗೂ ಆ ಹುಡುಗಿಗೆ ಹೊತ್ತಿಗೆ ಸರಿಯಾಗಿ ಉಡಿ ತುಂಬಬೇಕಿತ್ತು. ಬಸ್ಸಿನಾಗ ಕಿಟಕಿ ಕಡೆ ಸೀಟು ಸಿಕ್ಕಿತ್ತು.”

ನಾನು ಹಿಡಿಕೆ ಹಿಡಿದು ಅಲ್ಲಾಡಿಸಿ ನೋಡಿದೆ. ಒಂದು ಕೂದಲಿನಷ್ಟೂ ಅಲುಗಲಿಲ್ಲ. ಆ ಬೋಲ್ಟು ನನ್ನ ಕಾರಿನಲ್ಲಿದ್ದಷ್ಟು ವರ್ಷವೂ ಇಷ್ಟು ಭದ್ರವಾಗಿ ಒಂದು ದಿನವೂ ಕೂತಿರಲಿಲ್ಲ.