ಗಾಳಿ ಟಾಂಕಿಯ ನಡಾವಳಿ

ಲೋಕದಲ್ಲಿ ಖಾಲಿ ಟಾಂಕಿ ಎಂಬುದು ಇಲ್ಲ. ನೀರಿಲ್ಲದ ಟಾಂಕಿಯೆಲ್ಲ ಗಾಳಿ ತುಂಬಿದ ಟಾಂಕಿಯೇ. ಹುನಗುಂದ–ಇಳಕಲ್ಲ ವಿಹಾರ ಹಾಗೂ ಟಾಂಕಿ ಮಂಡಳಿಯು 2006ರ ಫೆಬ್ರುವರಿ ತಿಂಗಳ ಸಾಮಾನ್ಯ ಸಭೆಯಲ್ಲಿ ಈ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿದೆ. ನಡಾವಳಿ ಬರೆದವನು ನಾನೇ ಆದ್ದರಿಂದ ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಆಗದ ಕೆಲಸ ಆಯಿತೆಂದು ಬರೆದಿರಬಹುದು, ಆಗದ ಸಭೆ ಆಯಿತೆಂದು ಒಮ್ಮೆಯೂ ಬರೆದವನಲ್ಲ.

ಮಂಡಳಿಯ ಹೆಸರು ಕೇಳಿ ಕೆಲವರು ನಗುತ್ತಾರೆ. ಮೊದಲು ವಿಹಾರ ಮಂಡಳಿ ಬೇರೆ, ಟಾಂಕಿ ಮಂಡಳಿ ಬೇರೆ ಇದ್ದವು. ಎರಡಕ್ಕೂ ಒಂದೇ ಜೀಪು ಇದ್ದುದರಿಂದ, ಜೀಪಿಗೆ ಗೊಂದಲವಾಗಬಾರದೆಂದು ಮಂಡಳಿಗಳನ್ನೇ ಒಂದು ಮಾಡಲಾಯಿತು. ಇದರಲ್ಲಿ ನಗುವಂಥದ್ದು ನನಗೇನೂ ಕಾಣುವುದಿಲ್ಲ.

ಆ ವರ್ಷ ಯುವಜನ ಸಾಹಸ ಯೋಜನೆಯಡಿ ನಮಗೆ ಹನ್ನೆರಡು ಮಾರ್ಕರ್‌ಗಳು ಬಂದವು. ಪೇಂಟ್‌ಬಾಲ್ ಎಂಬ ಆಟದ ಬಂದೂಕಿಗೆ ಮಾರ್ಕರ್ ಎಂದು ಹೆಸರು. ಬಣ್ಣ ತುಂಬಿದ ಗೋಲಿಯನ್ನು ಅದು ಗಾಳಿಯ ಒತ್ತಡದಿಂದ ಹಾರಿಸುತ್ತದೆ; ಗೋಲಿ ಎದುರಾಳಿಯ ಮೈಮೇಲೆ ಒಡೆದು ಬಣ್ಣ ಮೂಡಿದರೆ ಅವನು ಔಟು. ಪೆಟ್ಟಿಗೆಯ ಮೇಲೆ ಮಾರ್ಕರ್ ಎಂದಷ್ಟೇ ಇದ್ದುದರಿಂದ ಅವನ್ನು ಲೇಖನ ಸಾಮಗ್ರಿಯ ದಾಸ್ತಾನಿಗೆ ಸೇರಿಸಿ ಶಾಖೆಗೆ ಎರಡರಂತೆ ಹಂಚಲಾಯಿತು. ಬರೆಯುವುದಿಲ್ಲವೆಂಬ ಷರಾದೊಂದಿಗೆ ಹನ್ನೆರಡೂ ವಾಪಸಾದವು.

ಮಾರ್ಕರಿಗೆ ಜೋಡಿಸುವ ಗಾಳಿ ಟಾಂಕಿ ಮಾತ್ರ ಬಂದಿರಲಿಲ್ಲ. 'ಟಾಂಕಿಯನ್ನು ಸ್ಥಳೀಯವಾಗಿ ಆಯ್ಕೆ ಮಾಡಿಕೊಳ್ಳತಕ್ಕದ್ದು' ಎಂದು ಸುತ್ತೋಲೆ ಹೇಳಿತ್ತು.

ಆಯ್ಕೆ ಮಾಡಲು ಸುಮಾ ಇದ್ದಳು. ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ, ಪುಣೆಯಲ್ಲಿ ಹದಿನೈದು ದಿನ ಈ ಆಟದ ತರಬೇತಿ ಪಡೆದು ಬಂದು ನಮ್ಮಲ್ಲಿ ತಾತ್ಪೂರ್ತಿಕ ಬೋಧಕಿಯಾಗಿದ್ದಳು. ಮಾರ್ಚ್ 31ರೊಳಗೆ ಆಟ ಶುರುವಾದರೆ ಅವಳ ಹುದ್ದೆ ಕಾಯಂ. ಇಲ್ಲವಾದರೆ ಏಪ್ರಿಲ್ ಒಂದರಿಂದ ಅವಳು ಮತ್ತೆ ಮನೆಯ ಕುಣಿಮಗ್ಗಕ್ಕೆ ಇಳಿದು ಖಣ ನೇಯಬೇಕು. ಅವಳ ಅವ್ವ ಕಾಳವ್ವ ಆಗಲೇ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಮಗಳದು ಗಾಳಿ ಹೊಡೆಯುವ ನೌಕರಿ ಎಂದು ಕೇಳಿದ ಓಣಿಯವರು ಸೈಕಲ್ ಅಂಗಡಿ ಎಲ್ಲಿ ಹಾಕಿದ್ದೀರಿ ಎಂದು ವಿಚಾರಿಸಿದರು. "ಇದು ಸರ್ಕಾರಿ ಗಾಳಿರಿ" ಎಂದು ಕಾಳವ್ವ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು.

ಸುಮಾ ಎರಡು ಪುಟದ ಟಿಪ್ಪಣಿ ಬರೆದು ಕೊಟ್ಟಳು. ಇಂಥ ಟಿಪ್ಪಣಿಯನ್ನು ನಮ್ಮ ಕಚೇರಿ ಹಿಂದೆ ಕಂಡಿರಲಿಲ್ಲ, ಎಲ್ಲವೂ ತಿಳಿಯುವಂತಿತ್ತು. ಸೋಡಾ ಅಂಗಡಿಯ ಗ್ಯಾಸು ತುಂಬಿದರೆ ನಮ್ಮ ಬಿಸಿಲಿಗೆ ಅದು ಉಬ್ಬಿ ಒಂದು ಗೋಲಿ ದೂರ, ಇನ್ನೊಂದು ಹತ್ತಿರ ಬೀಳುತ್ತದೆ. ಆದ್ದರಿಂದ ಒತ್ತಿ ತುಂಬಿದ ಬರಿಯ ಗಾಳಿಯೇ ಒಳ್ಳೆಯದು. ಕಾರ್ಬನ್ ನಾರಿನ ಟಾಂಕಿ ಹಗುರ, ಆದರೆ ದುಬಾರಿ. ನಮಗೆ ಅಲ್ಯೂಮಿನಿಯಂ ಸಾಕು. ಮುಕ್ಕಾಲು ಲೀಟರು, ಮೂರು ಸಾವಿರ ಪೌಂಡಿನ ಒತ್ತಡ, ಕುತ್ತಿಗೆಯಲ್ಲಿ ಒತ್ತಡ ತಗ್ಗಿಸುವ ರೆಗ್ಯುಲೇಟರು. ಟಾಂಕಿ ಸಿಡಿದರೆ ಪ್ರಾಣಕ್ಕೆ ಅಪಾಯವಾದ್ದರಿಂದ ಪರೀಕ್ಷೆಯಾದ ದಿನಾಂಕ ಅದರ ಮೈಮೇಲೆ ಕೆತ್ತಿರಬೇಕು. ಇಷ್ಟು ಬರೆದು ಸಹಿ ಮಾಡಿದ್ದಳು.

ಅವಳು ಮಾಡಿದ ತಪ್ಪು ಒಂದೇ. ವಿಷಯ ಎಂಬಲ್ಲಿ 'ಟಾಂಕಿ ಆಯ್ಕೆ' ಎಂದು ಬರೆದಿದ್ದಳು. ನಮ್ಮ ಮಂಡಳಿಯಲ್ಲಿ ಟಾಂಕಿ ಎಂಬ ಶಬ್ದವಿರುವ ಯಾವ ಕಾಗದವಾದರೂ ಟಾಂಕಿ ಶಾಖೆಗೇ ಹೋಗತಕ್ಕದ್ದು.

ಟಾಂಕಿ ಶಾಖೆಯ ಎಂಜಿನಿಯರು ರಾಮಲಿಂಗಪ್ಪನವರು ಟಿಪ್ಪಣಿ ಓದಿ ಅವಳನ್ನು ಕರೆಸಿದರು.

"ಎಷ್ಟ ಲೀಟರಿಂದು ಅಂದಿ ತಂಗಿ?"

"ಮುಕ್ಕಾಲು ಲೀಟರ್ರಿ ಸರ್."

"ಮುಕ್ಕಾಲು ಲೀಟರಿಂದು ಟಾಂಕಿ ಅಲ್ಲವಾ, ಅದಕ್ಕ ತಂಬಿಗಿ ಅಂತಾರ."

"ಹಂಗಾರ ತಂಬಿಗಿ ಅಂತನ ಬರಕೊಳ್ರಿ ಸರ್. ತರಿಸಿ ಕೊಟ್ರ ಸಾಕು."

"ತಂಬಿಗಿ ನಮ್ಮ ಶಾಖಾಕ್ಕ ಬರೂದಿಲ್ಲ. ನಮ್ಮದು ಐದನೂರು ಲೀಟರಿಂದ ಚಾಲೂ ಆಗ್ತೈತಿ. ಮ್ಯಾಲ ಹತ್ತಾಕ ಏಣಿ ಇರಬೇಕು, ಮುಚ್ಚಳ ಇರಬೇಕು, ತುಂಬಿ ಹರಿಯಾಕ ಪೈಪ್ ಇರಬೇಕು. ನಿನ್ನ ಟಾಂಕಿಗೆ ಏಣಿ ಐತೇನು?"

"ಅದನ್ನ ಬಂದೂಕಿನ ಹಿಂದ ತಿರುವಿ ಕೂಡಸ್ತಾರ್ರಿ ಸರ್. ಏಣಿ ಯಾಕ ಬೇಕ್ರಿ?"

"ನಿಯಮ ಏಳರಾಗ ಐತಿ. ಯಾಕ ಅಂತ ಕೇಳೂದು ನಿಯಮ ಎಂಟರಾಗ ಇಲ್ಲ."

ಅವಳು ಹೊರಗೆ ಬಂದು ನನ್ನ ಮೇಜಿನ ಎದುರು ಕುಳಿತಳು. ನಾನು ಚಹಾ ತರಿಸಿದೆ. ನಿಯಮ ಎಂಟು ಯಾವುದೆಂದು ಕೇಳಿದಳು. ನಿಯಮಗಳು ಏಳೇ ಇವೆ ಎಂದು ತಿಳಿಸಿದೆ.

ಫೆಬ್ರುವರಿಯ ಸಭೆಗೆ ಅಧ್ಯಕ್ಷ ಅಂದಾನಪ್ಪನವರು ಬಂದಾಗ ಹೊರಗೆ ಸತ್ಯವ್ವ ಕಾದಿದ್ದಳು. ಗುಡೂರು ರಸ್ತೆಯಲ್ಲಿ ಮಂಡಳಿಯೇ ಕಟ್ಟಿದ ಬಡಾವಣೆಯವಳು. ಅಲ್ಲಿ ಆರು ವರ್ಷದ ಹಿಂದೆ ದೊಡ್ಡದೊಂದು ಮೇಲ್ಟಾಂಕಿ ಕಟ್ಟಲಾಗಿದೆ. ಏಣಿ, ಮುಚ್ಚಳ, ಹರಿಯುವ ಪೈಪು, ಎಲ್ಲವೂ ನಿಯಮದಂತೆ ಇವೆ. ನೀರಿನ ಬಗ್ಗೆ ನಿಯಮ ಏಳರಲ್ಲಿ ಏನೂ ಹೇಳಿಲ್ಲ. ಸತ್ಯವ್ವ ಈ ಬಗ್ಗೆ ಕೊಟ್ಟ ದೂರುಗಳೇ ನನ್ನ ಕಪಾಟಿನ ಒಂದು ಖಾನೆ ತುಂಬಿದ್ದವು.

"ಆರು ವರ್ಷ ಆತ್ರಿ ಸಾಹೇಬ್ರ. ನಳಾ ತಿರುವಿದ್ರ ಬುಸ್ ಅಂತ ಬರೇ ಗಾಳಿ ಬರ್ತೈತಿ. ಒಂದ ಹನಿ ನೀರಿಲ್ಲ" ಎಂದಳು ಸತ್ಯವ್ವ.

ಅಂದಾನಪ್ಪನವರು ಎಂದೂ ದೂರು ಕೇಳಿದವರಲ್ಲ. ಅಂದು ತಲೆಯೆತ್ತಿ ಕೇಳಿದರು.

"ಗಾಳಿ ಎಷ್ಟ ಜೋರ್ ಬರ್ತೈತಿ?"

"ಸೋಸಾಕಂತ ನಳಕ್ಕ ಕಟ್ಟಿದ ಅರಿವಿ ಹಾರಿ ಎದುರಿನ ಮನಿ ಮಾಳಿಗಿ ಮ್ಯಾಲ ಬೀಳ್ತೈತ್ರಿ."

"ದಿನಾ ಬರ್ತೈತೇನು?"

"ಪಂಪ್ ಹಚ್ಚಿದಾಗ್ರಿ. ಮಂಗಳವಾರ, ಶುಕ್ರವಾರ. ಒಂದ ದಿನಾನೂ ತಪ್ಪಿಲ್ಲ ನೋಡ್ರಿ."

ರಾಮಲಿಂಗಪ್ಪನವರ ಕಣ್ಣು ಒದ್ದೆಯಾಯಿತು. ಅವರ ಶಾಖೆಯ ಸರಬರಾಜು ಒಂದು ದಿನವೂ ತಪ್ಪಿಲ್ಲವೆಂದು ಸಾರ್ವಜನಿಕರೊಬ್ಬರು ಹೇಳಿದ್ದು ಅವರ ಸೇವಾವಧಿಯಲ್ಲಿ ಅದೇ ಮೊದಲು.

ಆಮೇಲೆ ನಡೆದದ್ದು ಮೊದಲೇ ಹೇಳಿದ ನಿರ್ಣಯ. ಗುಡೂರು ರಸ್ತೆಯ ಟಾಂಕಿಯನ್ನು ಮಾರ್ಕರುಗಳ ಅಧಿಕೃತ ಗಾಳಿ ಟಾಂಕಿಯೆಂದು ಆಯ್ಕೆ ಮಾಡಲಾಯಿತು. ಸತ್ಯವ್ವನ ಅರವತ್ತೊಂದು ದೂರುಗಳನ್ನು 'ಬಳಕೆದಾರರ ಪ್ರಶಂಸಾಪತ್ರ' ಎಂಬ ಹೊಸ ಕಡತಕ್ಕೆ ವರ್ಗಾಯಿಸಲಾಯಿತು. ಒಳಗಿನ ಗಾಳಿಗೆ ನಿಯಮದಂತೆ ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಲು ಮಂಜೂರಾತಿ ದೊರೆಯಿತು.

ಸುಮಾ ಎದ್ದು ನಿಂತಳು. "ಸಾಹೇಬ್ರ, ನಳದ ಗಾಳಿ ಪುಗ್ಗಾ ಉಬ್ಬಸಾಕೂ ಸಾಲೂದಿಲ್ರಿ. ಇದಕ್ಕ ಮೂರು ಸಾವಿರದ ಪ್ರೆಶರ್ ಬೇಕು."

"ಪ್ರೆಶರ್ ಸುದ್ದಿ ನನಗ ಹೇಳಬ್ಯಾಡ ತಂಗಿ" ಎಂದರು ಅಂದಾನಪ್ಪ. "ಮ್ಯಾಲಿಂದ ನನ್ನ ಮ್ಯಾಲ ಎಷ್ಟ ಐತಿ ಅನ್ನೂದು ನಿನಗ ಗೊತ್ತಿಲ್ಲ."

'ಒತ್ತಡ ಸಾಕಷ್ಟಿದೆಯೆಂದು ಮಾನ್ಯ ಅಧ್ಯಕ್ಷರು ಸ್ಪಷ್ಟಪಡಿಸಿದರು' ಎಂದು ಬರೆದುಕೊಂಡೆ.

ಮಾರ್ಚ್ 28, ಮಂಗಳವಾರ, ಪರೀಕ್ಷೆ. ಬಡಾವಣೆಯ ನಳಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯಲಾಯಿತು. ನಳದಿಂದ ಮಾರ್ಕರಿನವರೆಗೆ ರಬ್ಬರು ಪೈಪು ಎಳೆದು ತಂತಿ ಬಿಗಿದರು. ಪಂಪು ಶುರುವಾಯಿತು, ನಳ ಬುಸುಗುಟ್ಟಿತು, ಸುಮಾ ಟ್ರಿಗರ್ ಒತ್ತಿದಳು. ಗೋಲಿ ನಳಿಗೆಯ ಬಾಯಿಯವರೆಗೆ ಬಂದು, ಸ್ವಲ್ಪ ಹೊತ್ತು ಯೋಚಿಸಿ, ಅವಳ ಕಾಲ ಬಳಿ ಕೋಳಿಮೊಟ್ಟೆಯಂತೆ ಉದುರಿತು. ಒಡೆಯಲೂ ಇಲ್ಲ.

ಮಂಡಳಿ ಅಲ್ಲೇ ಬೇವಿನ ಮರದ ಕೆಳಗೆ ತುರ್ತು ಸಭೆ ಸೇರಿತು. ಟಾಂಕಿಯಲ್ಲಿ ದೋಷವಿಲ್ಲ, ಅಂತರದಲ್ಲಿ ದೋಷವಿದೆ ಎಂದು ಕಂಡುಬಂತು. ಎದುರಾಳಿಗಳ ನಡುವಿನ ಅಂತರವನ್ನು ಒಂದೂವರೆ ಗೇಣಿಗೆ ಇಳಿಸಿ ತಿದ್ದುಪಡಿ ತರಲಾಯಿತು. ಉದುರಿದ ಗೋಲಿಯನ್ನು ಎದುರಾಳಿ ತಾನೇ ತುಳಿದು ಒಡೆದು, ಪಾದಕ್ಕೆ ಬಣ್ಣ ಹತ್ತಿದರೆ ತಾನು ಔಟಾದೆನೆಂದು ಒಪ್ಪಿಕೊಳ್ಳತಕ್ಕದ್ದು. ಈ ಆಟಕ್ಕೆ ಧೈರ್ಯಕ್ಕಿಂತ ಸೌಜನ್ಯ ಹೆಚ್ಚು ಬೇಕು, ನಮ್ಮ ಕಡೆಯವರಲ್ಲಿ ಅದು ಧಾರಾಳವಾಗಿದೆ ಎಂದು ಅಂದಾನಪ್ಪನವರು ಭಾಷಣ ಮಾಡಿದರು.

ಉಳಿದದ್ದು ಒಂದು ಸಹಿ. 'ಟಾಂಕಿಯನ್ನು ಪರೀಕ್ಷಿಸಿದ್ದೇನೆ, ಸರಿಯಾಗಿದೆ' ಎಂದು ಬೋಧಕಿ ಬರೆದುಕೊಡಬೇಕು. ಸುಮಾ ಎರಡು ದಿನ ಕಾಗದವನ್ನು ಮುಟ್ಟಲಿಲ್ಲ. ಮೂವತ್ತರಂದು ನನ್ನ ಮುಂದೆ ಬಂದು ನಿಂತಳು.

"ಅಣ್ಣಾರ, ಸುಳ್ಳಿಗೆ ಹೆಂಗ ಸಹಿ ಮಾಡ್ಲಿ? ಮಾಡ್ಲಿಲ್ಲಂದ್ರ ಏನಾಗ್ತೈತ್ರಿ?"

"ಟಾಂಕಿ ಇರ್ತೈತವಾ, ನೀ ಇರೂದಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆ ಎರಡು ಪುಟದ ಟಿಪ್ಪಣಿ ನೆನಪಾಗಿ ನನ್ನ ನಡಾವಳಿಯ ಬಗ್ಗೆ ನನಗೇ ನಾಚಿಕೆಯೆನಿಸಿತು. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಆದದ್ದು ಇದೊಂದೇ ಸಲ. ಮಧ್ಯಾಹ್ನ ಊಟವಾದ ಮೇಲೆ ಕಡಿಮೆಯಾಯಿತು.

ಸುಮಾ ಹೊರಗೆ ಹೋಗಿ, ಅಂದೂ ದೂರು ಕೊಡಲು ಬಂದಿದ್ದ ಸತ್ಯವ್ವನೊಡನೆ ಅರ್ಧ ತಾಸು ಕಟ್ಟೆಯ ಮೇಲೆ ಕುಳಿತು ಬಂದಳು. ಸಹಿ ಮಾಡಿ, ಬೇರೊಂದು ಕಾಗದದಲ್ಲಿ ಒಂದು ಷರತ್ತು ಬರೆದಳು: 'ಆಟಗಾರರ ಪಾದಗಳಿಗೆ ಬಣ್ಣ ಹತ್ತುವುದರಿಂದ, ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕಾಲು ತೊಳೆಯಲು ಬಡಾವಣೆಗೆ ಒಂದು ಟ್ಯಾಂಕರ್ ನೀರು ಕಳಿಸತಕ್ಕದ್ದು.' ಟ್ಯಾಂಕರ್ ಎಂಬುದರಲ್ಲಿ ಟಾಂಕಿ ಎಂಬ ಶಬ್ದವಿಲ್ಲ. ಹೀಗಾಗಿ ಆ ಕಾಗದ ರಾಮಲಿಂಗಪ್ಪನವರ ಬಳಿಗೆ ಹೋಗದೆ ಕ್ರೀಡಾ ಸಾಮಗ್ರಿಯಡಿ ಅದೇ ದಿನ ಮಂಜೂರಾಯಿತು. ಕುಡಿಯಲು ಆರು ವರ್ಷ ಸಿಗದ ನೀರು ಕಾಲು ತೊಳೆಯಲು ಒಂದೇ ದಿನದಲ್ಲಿ ಸಿಕ್ಕಿತು. ಇದು ಮಂಡಳಿಯ ಚುರುಕುತನಕ್ಕೆ ಸಾಕ್ಷಿ.

ಸುಮಾ ಕಾಯಂ ಆದಳು. ಆಟ ಇಂದಿಗೂ ವಾರಕ್ಕೆರಡು ಸಲ ನಡೆಯುತ್ತದೆ. ಹನ್ನೆರಡು ಜನ ಒಂದೂವರೆ ಗೇಣು ಅಂತರದಲ್ಲಿ ಎದುರುಬದುರು ನಿಂತು, ಗೋಲಿ ಉದುರಿಸಿ, ತುಳಿದು, ನಮಸ್ಕಾರ ಮಾಡಿ ಔಟಾಗುತ್ತಾರೆ. ಟ್ಯಾಂಕರ್ ಬಂದು ನಿಲ್ಲುತ್ತದೆ. ಹನ್ನೆರಡು ಜನರ ಕಾಲಿಗೆ ಹನ್ನೆರಡು ತಂಬಿಗೆ. ಉಳಿದದ್ದು ಬಡಾವಣೆಯ ಕೊಡಗಳಿಗೆ. ಬಾಗಲಕೋಟೆಯಿಂದ ಬಂದ ತನಿಖಾ ತಂಡ ಅಂತರದ ಬಗ್ಗೆ ವಿಶೇಷ ಮೆಚ್ಚುಗೆ ಸೂಚಿಸಿ, ಇತರ ಕಡೆಯೂ ಅಳವಡಿಸಬಹುದೆಂದು ಶಿಫಾರಸು ಮಾಡಿದೆ.

ಎರಡು ವರ್ಷಗಳ ನಂತರ ಒಂದು ಶುಕ್ರವಾರ ಬೆಳಿಗ್ಗೆ ಸತ್ಯವ್ವ ಗಾಬರಿಯಿಂದ ಕಚೇರಿಗೆ ಬಂದಳು. ಸುಮಾ ಆಗ ಸಹಾಯಕ ಕ್ರೀಡಾಧಿಕಾರಿ. ದೂರುಗಳನ್ನು ಅವಳೇ ಸ್ವೀಕರಿಸುತ್ತಿದ್ದಳು.

"ಸುಮವ್ವಾ, ನಳದಾಗ ನೀರ್ ಬರಾಕತ್ತೈತಿ."

ರಾಮಲಿಂಗಪ್ಪನವರು ಕನ್ನಡಕ ತೆಗೆದು ಕುಳಿತರು.

"ಎಷ್ಟ ಬರ್ತೈತ್ರಿ ಅಕ್ಕಾರ?" ಸುಮಾ ಕೇಳಿದಳು.

"ದಾರದಷ್ಟ ಸಣ್ಣಗ. ಕೊಡ ತುಂಬಾಕ ಅರ್ಧ ದಿನ ಬೇಕು. ಆದ್ರ ನೀರಂದ್ರ ನೀರ ಅಲ್ಲೇನವಾ? ಇದು ಮ್ಯಾಲಿನವ್ರಿಗೆ ಗೊತ್ತಾತಂದ್ರ ಟ್ಯಾಂಕರ್ ಬಂದ್ ಮಾಡ್ತಾರ. ನಾವೆಲ್ಲಿಗೆ ಹೋಗೂನು?"

ಸುಮಾ ಕಾಗದ ತೆಗೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದಳು: 'ವಿಷಯ: ಗಾಳಿ ಸರಬರಾಜಿನಲ್ಲಿ ನೀರಿನ ಕಲಬೆರಕೆ.' ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ತಾನೇ ಜೀಪು ಹತ್ತಿ ಗುಡೂರು ರಸ್ತೆಗೆ ಹೋದಳು. ಒಂದು ತಾಸಿನಲ್ಲಿ ವಾಲ್ವು ಬಿಗಿದು, ಸೀರೆಯ ಅಂಚು ಒದ್ದೆ ಮಾಡಿಕೊಂಡು ಬಂದು, 'ದೋಷ ಸರಿಪಡಿಸಲಾಗಿದೆ' ಎಂದು ಷರಾ ಬರೆದಳು.

"ಇನ್ನ ನೀರ್ ಬರಂಗಿಲ್ರಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ" ಎಂದಳು.

ಸತ್ಯವ್ವ ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮಧ್ಯಾಹ್ನದ ಟ್ಯಾಂಕರಿಗೆ ಹೊತ್ತಾಯಿತೆಂದು ಎದ್ದು ಹೋದಳು.