ತೂಕ ನೋಡಿ ತಂದ ಎಸ್‌ಎಂಪಿಎಸ್

ಸಂತಪುರದಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ ತೂಕ ಮಾಡಿಸಿಕೊಳ್ಳದವರಿಗೆ ಚಹಾ ಸಿಗುವುದಿಲ್ಲ. ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೇನೆ ಎನಿಸಿದರೆ ನೀವೇ ಒಮ್ಮೆ ಹೋಗಿ ನೋಡಿ. ಬಾಗಿಲ ಪಕ್ಕದಲ್ಲೇ ನೆಲದ ಮೇಲೆ ತೂಕದ ಕಾಟಾ ಕಾದು ಕುಳಿತಿರುತ್ತದೆ. "ಚಪ್ಪಲಿ ಬಿಡು. ಕಿಸೆದಾಗಿನ ಮೊಬೈಲ್ ತೆಗಿ. ನೆಟ್ಟಗ ನಿಂದ್ರು" ಎಂಬ ಮೂರು ಅಪ್ಪಣೆಗಳಾದ ಮೇಲೆ, ಮುಳ್ಳು ನಿಂತ ಅಂಕಿಯನ್ನು ಓಣಿಗೆಲ್ಲ ಕೇಳುವ ಹಾಗೆ ಓದುತ್ತಾಳೆ. ನಂತರ ಒಳಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಚಹಾ ಬರುತ್ತದೆ.

ಇದರಿಂದ ಯಾರೂ ಪಾರಾಗಿಲ್ಲ. ಸಿಲಿಂಡರ್ ತಂದವನನ್ನು ಸಿಲಿಂಡರಿನ ಸಮೇತ ಒಮ್ಮೆ, ಸಿಲಿಂಡರ್ ಇಳಿಸಿ ಒಮ್ಮೆ ತೂಗಿ, ಗ್ಯಾಸು ಪೂರ್ತಿ ಇದೆಯೋ ಇಲ್ಲವೋ ಎಂದು ಲೆಕ್ಕ ಹಾಕಿದವಳು ಅವಳು. ಹೊಸದಾಗಿ ಬಂದ ಪಾಸ್ಟರು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮನೆ ಪ್ರಾರ್ಥನೆಗೆ ಬಂದಾಗ ಅವರನ್ನೂ ಹತ್ತಿಸಿದಳು. ಅವರು ಅದಕ್ಕೂ ಹದಿನೈದು ದಿನ ಹಿಂದೆ ಒಮ್ಮೆ ಹತ್ತಿ ಇಳಿದಿದ್ದರು.

"ಪಾಸ್ಟರ್ ಸಾಬ್ರ, ಉಪವಾಸ ನಡದದ ಅಂದ್ರಿ. ಒಂದೂವರಿ ಕಿಲೋ ಏರೀರಲ್ರಿ?"

"ಎಲ್ಲಾ ದೇವರ ಕೃಪಾರಿ, ಸಿಸ್ಟರ್" ಎಂದು ಆ ಸಜ್ಜನರು ಮೆಲ್ಲಗೆ ಇಳಿದರು. ಅಂದು ಪ್ರಾರ್ಥನೆ ಬಹಳ ಚಿಕ್ಕದಾಗಿತ್ತು.

ಮೂವತ್ತೆರಡು ವರ್ಷ ಔರಾದ ತಾಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ಹೆರಿಗೆ ಮಾಡಿಸಿದವಳಿಗೆ ತೂಕದ ಹುಚ್ಚು ಹಿಡಿಯದೆ ಇನ್ನೇನು ಹಿಡಿಯಬೇಕು? ಕೂಸು ಹುಟ್ಟಿದ ಕೂಡಲೇ ಬಟ್ಟೆಯ ಜೋಳಿಗೆಯಲ್ಲಿ ಹಾಕಿ, ಸ್ಪ್ರಿಂಗ್ ಕಾಟಾಕ್ಕೆ ತೂಗಿ, ತನ್ನದೇ ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ತೂಕ, ತಾಯಿಯ ಹೆಸರು ಬರೆದಿಡುತ್ತಿದ್ದಳು. ಸರಕಾರದ ರಿಜಿಸ್ಟರ್ ಬೇರೆ; ಅದು ಸರಕಾರಕ್ಕೆ. ಇದು ಅವಳಿಗೆ. ಹೀಗೆ ತುಂಬಿದ ಇಪ್ಪತ್ತಾರು ನೋಟ್‌ಬುಕ್ಕುಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು.

ಆ ಟ್ರಂಕಿಗೆ ಬೆಲೆ ಬಂದದ್ದು ಬರಗಾಲದಲ್ಲಿ. ಸತತ ಎರಡನೇ ವರ್ಷ ಮಳೆ ಕೈಕೊಟ್ಟು, ಕುಡಿಯುವ ನೀರು ಟ್ಯಾಂಕರಿನಲ್ಲಿ ಬರತೊಡಗಿದಾಗ, ಓಣಿಯ ಅರ್ಧ ಮಂದಿ ಹೈದರಾಬಾದಿನ ಬಸ್ಸು ಹತ್ತಿದರು, ಉಳಿದರ್ಧ ಪುಣೆಯ ಕಡೆ ಹೋದರು. ಹೋದ ಕಡೆಯೆಲ್ಲ ಯಾವುದೋ ಕಾರ್ಡಿಗೆ, ಯಾವುದೋ ಫಾರ್ಮಿಗೆ ಹುಟ್ಟಿದ ತಾರೀಕು ಕೇಳುತ್ತಾರೆ. ಯಾರಿಗೆ ನೆನಪಿರುತ್ತದೆ? ಅತ್ತೆಗೆ ಫೋನು ಬರುತ್ತಿತ್ತು.

"ನರ್ಸಬಾಯಿ, ನಾ ಯಾವಾಗ ಹುಟ್ಟೀನ್ರಿ?"

ಅತ್ತೆ ನೋಟ್‌ಬುಕ್ ತೆಗೆದು ತಾರೀಕು ಹೇಳುತ್ತಿದ್ದಳು. ಅಷ್ಟಕ್ಕೇ ಬಿಡುವವಳೇ? "ಎರಡು ಕಿಲೋ ಆರುನೂರು ಇದ್ದಿ ನೋಡು. ತಲಿ ದೊಡ್ಡದಿತ್ತು. ನಿಮ್ಮವ್ವ ಭಾಳ ತ್ರಾಸ್ ತಗೊಂಡಾಳ. ಅಕಿಗಿ ಫೋನ್ ಮಾಡ್ತಿ ಇಲ್ಲ?" ಎಂದು ಕೇಳುತ್ತಿದ್ದಳು. ತಾರೀಕಿಗೆಂದು ಫೋನು ಮಾಡಿದ ಗಂಡಸರು ಅಂದೇ ರಾತ್ರಿ ಅವ್ವನಿಗೂ ಫೋನು ಮಾಡುತ್ತಿದ್ದರು. ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಆದರೆ ನಾನು ಕೇಳಿದಾಗಲೆಲ್ಲ "ನೀನಾ? ಮಸ್ತ್ ಇದ್ದಿ, ಗುಂಡ್ ಗುಂಡ್" ಎನ್ನುತ್ತಿದ್ದಳೇ ಹೊರತು ಗ್ರಾಮಿನ ಲೆಕ್ಕ ಕೊಡುತ್ತಿರಲಿಲ್ಲ. ನನ್ನ ಈಗಿನ ಹೊಟ್ಟೆ ನೋಡಿದವರಿಗೆ ಆ ಮಾತಿನಲ್ಲಿ ಅನುಮಾನ ಬರುವುದಿಲ್ಲ.

ಆ ಬೇಸಿಗೆಯಲ್ಲಿ ಟ್ರಂಕಿಗೆ ಗೆದ್ದಲು ಹತ್ತಿತು. ಒಂದು ನೋಟ್‌ಬುಕ್ಕಿನ ಎರಡು ಹಾಳೆ ಪೂರ್ತಿ ಮಣ್ಣಾಗಿದ್ದವು. "ಹನ್ನೊಂದು ಮಂದಿ ಹ್ವಾದ್ರು" ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ನಾನು ಗಾಬರಿಯಾಗಿ ಬೀದರಿನಿಂದ ಬಸ್ಸು ಹಿಡಿದು ಓಡಿದೆ. ಹೋಗಿ ನೋಡಿದರೆ ಹನ್ನೊಂದು ಮಂದಿಯ ಜನ್ಮ ದಿನಾಂಕ ಹೋಗಿತ್ತು. ನಗಬೇಕೆಂದುಕೊಂಡೆ, ಆದರೆ ಅವಳು ಅಂದು ಊಟ ಮಾಡಿರಲಿಲ್ಲ. ಉಳಿದದ್ದನ್ನಾದರೂ ಕಂಪ್ಯೂಟರಿಗೆ ಹಾಕಿಬಿಡೋಣ ಎಂದೆ.

ಕಂಪ್ಯೂಟರ್ ಬೇಕು, ಸರಿ. ಆದರೆ ಅಂಗಡಿಯಲ್ಲಿ ಸಿದ್ಧವಾಗಿರುವುದು ಬೇಡವಂತೆ. "ಒಳಗೇನದ ತೋರಿಸದೇ ಡಬ್ಬಿ ಮುಚ್ಚಿ ಕೊಡ್ತಾರ. ನಾ ಹ್ಯಾಂಗ ನಂಬ್ಲಿ? ಸಾಮಾನು ತಗೊಂಡು ಬಾ, ಮನ್ಯಾಗೇ ಜೋಡಿಸೋಣ" ಎಂದಳು. ಮನೆಯಲ್ಲೇ ಹೆರಿಗೆ ಮಾಡಿಸಿದವಳಿಗೆ ಇನ್ನು ಯಾವ ಬುದ್ಧಿ ಬರುತ್ತದೆ? ನಾನು ಬೀದರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಹುಡುಗರಿಗೆ ಕಂಪ್ಯೂಟರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದು ಕಲಿಸಿದ್ದೆ, ಬಿಚ್ಚಿ ನೋಡಿರಲಿಲ್ಲ. ಆದರೂ ಧೈರ್ಯ ಮಾಡಿ ಮದರ್‌ಬೋರ್ಡು, ಹಾರ್ಡ್‌ಡಿಸ್ಕು, ಕ್ಯಾಬಿನೆಟ್ಟು, ಮಾನಿಟರು ಎಲ್ಲ ಒಂದೇ ದಿನದಲ್ಲಿ ತಂದೆ. ಉಳಿದದ್ದು ಒಂದೇ, ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಹದ ಮಾಡಿ ಕಂಪ್ಯೂಟರಿನ ಒಳಗೆಲ್ಲ ಹಂಚುವ ಕಬ್ಬಿಣದ ಡಬ್ಬಿ ಅದು.

ಅದೊಂದು ಡಬ್ಬಿಗೆ ಅತ್ತೆ ತಾನೇ ಬರುತ್ತೇನೆಂದು ಹಟ ಹಿಡಿದಳು. ಕಾರಣವಿತ್ತು. ಸಂತಪುರದ ಕರೆಂಟು ಆ ವರ್ಷ ಯಾರ ಮಾತೂ ಕೇಳುತ್ತಿರಲಿಲ್ಲ. ತ್ರೀ ಫೇಸ್ ಬಂದರೆ ಸಾಕು, ನೀರಿದ್ದ ಇಲ್ಲದ ಬೋರುಗಳೆಲ್ಲ ಒಮ್ಮೆಲೇ ಶುರುವಾಗಿ ಬಲ್ಬು ಕೆಂಪಗಾಗುತ್ತಿತ್ತು; ಅವು ನಿಂತರೆ ಒಮ್ಮೆಲೇ ಕಣ್ಣು ಕುಕ್ಕುತ್ತಿತ್ತು. ಅತ್ತೆಯ ಒಂದು ಟಿವಿ, ಎರಡು ಮಿಕ್ಸರು ಈ ಆಟದಲ್ಲಿ ಸುಟ್ಟಿದ್ದವು. "ಟಿವಿ ಸುಟ್ಟರ ಸುಡ್ಲಿ. ಇದರಾಗ ನನ್ನ ಮಕ್ಕಳ ಹೆಸರು ಇರ್ತಾವ" ಎಂದಳು.

ಬೀದರಿನ ಅಂಗಡಿಯಲ್ಲಿ ನಾನು ಕಿಸೆಯಿಂದ ಚೀಟಿ ತೆಗೆದೆ. ಯಾವ ಭಾಗಕ್ಕೆ ಎಷ್ಟು ವ್ಯಾಟ್ ಬೇಕು ಎಂದು ಕೂಡಿಸಿ ತಂದಿದ್ದೆ, ಮಾಸ್ತರನಲ್ಲವೇ? ಅತ್ತೆ ಕೈಚೀಲದಿಂದ ಸ್ಪ್ರಿಂಗ್ ಕಾಟಾ ತೆಗೆದಳು. ಹೌದು, ಕೂಸು ತೂಗುವ ಕಾಟಾ, ಹೂವಿನ ಚಿತ್ರದ ಜೋಳಿಗೆಯ ಸಮೇತ. ಅಂಗಡಿಯ ಕೇಬಲ್ ನೇತುಹಾಕುವ ಕೊಕ್ಕೆಗೆ ಅದನ್ನು ಸಿಗಿಸಿ, ಡಬ್ಬಿಯನ್ನು ಜೋಳಿಗೆಯಲ್ಲಿ ಮಲಗಿಸಿದಳು. ಅದರ ಬಣ್ಣಬಣ್ಣದ ವೈರುಗಳು ಜೋಳಿಗೆಯ ಹೊರಗೆ ಕಾಲು ಚಾಚಿದವು.

"ಎಂಟುನೂರಾ ಐವತ್ತು ಗ್ರಾಂ" ಎಂದು ಓದಿದಳು. "ಯಪ್ಪಾ, ಇದು ದಿನ ತುಂಬದೇ ಹುಟ್ಟೇದ."

"ಅಮ್ಮಾ, ನಾಲ್ಕುನೂರಾ ಐವತ್ತು ವ್ಯಾಟ್ ಅದರಿ. ನೋಡ್ರಿ, ಮ್ಯಾಲ ಬರದದ" ಎಂದ ಅಂಗಡಿಯವನು.

"ಹಣಿ ಮ್ಯಾಲ ಪೈಲವಾನ್ ಅಂತ ಬರಕೊಂಡ್ರ ಆಯ್ತೇನು? ಎರಡೂವರಿ ಕಿಲೋ ಇದ್ದರ ತಂದುರುಸ್ತ ಕೂಸು. ಇದು ಮಷಿನ್ ಅದ ಅಂತ ಅರ್ಧ ಕಿಲೋ ಮಾಫ್ ಮಾಡ್ತೇನಿ. ಎರಡು ಕಿಲೋಂದು ತೋರ್ಸು."

ನನಗೆ ನಾಚಿಕೆಯಾಯಿತು. ಆದರೆ ಅಂಗಡಿಯವನು ಗಂಭೀರವಾಗಿ ಒಪ್ಪಿಕೊಂಡ. "ಮಾತು ಸುಳ್ಳಲ್ರಿ ಸರ್. ಒಳಗ ತಾಮ್ರ, ದೊಡ್ಡ ಕಾಯಿಲ್ ಇದ್ದರ ವಜ್ಜಾ ಇರ್ತದ" ಎಂದು ಇನ್ನೊಂದನ್ನು ತಂದ. ನನ್ನ ಚೀಟಿಯನ್ನು ಯಾರೂ ನೋಡಲಿಲ್ಲ.

ಈ ಎರಡನೆಯದು ಒಂದು ಕಿಲೋ ನಾಲ್ಕುನೂರು ತೂಗಿತು. ಅತ್ತೆ ಅದನ್ನು ಕೂಡಲೇ ವಾಪಸು ಕೊಡಲಿಲ್ಲ. ಜೋಳಿಗೆಯಿಂದ ಎತ್ತಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತಳು. "ಇದು ಉಳೀಬಹುದು" ಎಂದಳು. "ಆದರ ಹಗಲಿ ರಾತ್ರಿ ಕಾಯಬೇಕಾಗ್ತದ. ಬ್ಯಾಡ, ಇಡು."

ಎರಡನೇ ಅಂಗಡಿಯಲ್ಲಿ ಸರಿಯಾಗಿ ಎರಡು ಕಿಲೋದ್ದು ಸಿಕ್ಕಿತು! ನಾನು ಇನ್ನೇನು ಚೀಲಕ್ಕೆ ಹಾಕಬೇಕು, ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗಡಗಡ ಎಂದಿತು. ಬಿಚ್ಚಿಸಿದರೆ ತೂಕ ಬರಲೆಂದು ಯಾರೋ ಒಂದು ಕಬ್ಬಿಣದ ತುಂಡನ್ನು ಅಂಟಿಸಿದ್ದರು, ಅಂಟು ಬಿಟ್ಟಿತ್ತು. ಅಂಗಡಿಯವನು ನಮಗಿಂತ ಹೆಚ್ಚು ಆಶ್ಚರ್ಯಪಟ್ಟ. ಅತ್ತೆಗೆ ಆಶ್ಚರ್ಯವಾಗಲಿಲ್ಲ. "ಕೂಸು ತೂಗೋ ಶಿಬಿರಕ್ಕ ಬಂದ ತಾಯಂದಿರು ಕೂಸಿನ ಕಾಲಾಗ ದಪ್ಪ ಬೆಳ್ಳಿ ಕಡಗ ಹಾಕ್ಕೊಂಡು ಬರ್ತಿದ್ರು, ವಜನ್ ಜಾಸ್ತಿ ಬರ್ಲಿ ಅಂತ. ನಾ ಕಡಗ ತೆಗಿಸೇ ತೂಗ್ತಿದ್ದೆ" ಎಂದಳು.

ಕೊನೆಗೆ ನಮ್ಮ ಡಬ್ಬಿ ಸಿಕ್ಕಿದ್ದು ಭಾಲ್ಕಿಯಲ್ಲಿ. ಅಲ್ಲೊಬ್ಬನ ಸೈಬರ್ ಕೆಫೆಗೆ ಬರುವ ಹುಡುಗರೆಲ್ಲ ಕೆಲಸ ಹುಡುಕಿ ಊರು ಬಿಟ್ಟಿದ್ದರಿಂದ ಅವನು ಕೆಫೆ ಮುಚ್ಚಿ ಅದೇ ಜಾಗದಲ್ಲಿ ಫಿಲ್ಟರ್ ನೀರಿನ ಕ್ಯಾನು ಮಾರುತ್ತಿದ್ದ. ಕ್ಯಾನುಗಳ ಹಿಂದೆ ಹಳೆಯ ಕಂಪ್ಯೂಟರುಗಳಿದ್ದವು. ಒಂದರ ಎಸ್‌ಎಂಪಿಎಸ್ ಬಿಚ್ಚಿಸಿ, ಧೂಳು ಕೊಡವಿಸಿ ("ಜಳಕ ಆದ ಮ್ಯಾಲೇ ತೂಗಬೇಕು"), ಜೋಳಿಗೆಗೆ ಹಾಕಿದಳು. ಎರಡು ಕಿಲೋ ಐವತ್ತು ಗ್ರಾಂ. ಅಲ್ಲಾಡಿಸಿದಳು, ಸದ್ದಿಲ್ಲ. ಕೆಫೆಯವನು ಅದರ ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ಸಿಗಿಸಿ ಫ್ಯಾನು ತಿರುಗಿಸಿ ತೋರಿಸಬೇಕೆಂದು ತಂತಿ ಹುಡುಕುತ್ತಿದ್ದಾಗ, ಅತ್ತೆ ತುರುಬಿನಿಂದ ಪಿನ್ನು ತೆಗೆದುಕೊಟ್ಟಳು. ಫ್ಯಾನು ತಿರುಗಿತು. ಅವಳು ಸ್ಟೆತಸ್ಕೋಪ್ ಇಟ್ಟು ಕೇಳಿದಳು. ಅದನ್ನೂ ತಂದಿದ್ದಳೇ ಎಂದು ಕೇಳಬೇಡಿ.

"ಅತ್ತಿ, ಇದು ಎಂಟು ವರ್ಷ ಹಳೇದು" ಎಂದೆ.

"ಹೊಸಾದು ನಮ್ಮ ಕರೆಂಟಿನ ಮಾರಿ ನೋಡಿಲ್ಲ. ಇದು ಎಂಟು ವರ್ಷ ನೋಡಿ ಬದುಕೇದ. ತಗೋ."

ಮರುದಿನ ಸಂತಪುರದಲ್ಲಿ, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಜೋಡಿಸಲು ಕುಳಿತೆವು. ಸ್ಕ್ರೂ ನಾನು ತಿರುಗಿಸಿದೆ, ಟಾರ್ಚು ಅವಳು ಹಿಡಿದಳು, ಬೈಗುಳವೂ ಅವಳದೇ. ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಒಂದೇ ಸಾಲಿನ ಪ್ರಾರ್ಥನೆ ಮಾಡಿದಳು. ನಾನು ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಆಗ ಕ್ಯಾಬಿನೆಟ್ಟಿನೊಳಗಿಂದ ಸಣ್ಣಗೆ ಒಂದು ಬೀಪ್ ಬಂತು.

"ಅಳ್ತು ನೋಡು" ಎಂದಳು ಅತ್ತೆ. ಗೋಡೆಯ ಗಡಿಯಾರ ನೋಡಿ, ಹೊತ್ತನ್ನು ಒಂದು ಹಾಳೆಯಲ್ಲಿ ಬರೆದುಕೊಂಡಳು.

ಅಂದಿನಿಂದ ಪ್ರತಿ ಭಾನುವಾರ ನಾನು ಸಂತಪುರಕ್ಕೆ ಹೋಗಿ, ತೂಗಿಸಿಕೊಂಡು, ಚಹಾ ಕುಡಿದು, ಟೈಪ್ ಮಾಡತೊಡಗಿದೆ. ಅವಳು ಓದುತ್ತಿದ್ದಳು, ನಾನು ಬಡಿಯುತ್ತಿದ್ದೆ. ಬೋರುಗಳು ಶುರುವಾಗಿ ಬಲ್ಬು ಕೆಂಪಗಾದಾಗ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ಭಾಲ್ಕಿಯ ಡಬ್ಬಿ ಒಮ್ಮೆಯೂ ಕೈಬಿಡಲಿಲ್ಲ. ಗೆದ್ದಲು ತಿಂದ ಹನ್ನೊಂದು ಮಂದಿಯಲ್ಲಿ ಏಳು ಮಂದಿಯನ್ನು, ಅತ್ತೆಗೆ ನೆನಪಿದ್ದ ತಾಯಂದಿರಿಗೆ ಫೋನು ಮಾಡಿ, ಯಾವ ಹಬ್ಬದ ಮುಂದೆ, ಯಾವ ಬೆಳೆಯ ರಾಶಿ ಮಾಡುವಾಗ ಎಂದು ಕೇಳಿ ಮತ್ತೆ ಹುಟ್ಟಿಸಿದೆವು. ಕೆಂಪು ರಟ್ಟಿನ ನೋಟ್‌ಬುಕ್ಕಿಗೆ ನಾನು ಕೈ ಹಾಕಿದಾಗಲೆಲ್ಲ ಮಾತ್ರ "ಅದು ಕಡೀಕ ಇರ್ಲಿ" ಎನ್ನುತ್ತಿದ್ದಳು.

ಮಳೆಗಾಲ ಬರುವ ಹೊತ್ತಿಗೆ ಅದೊಂದೇ ಉಳಿಯಿತು. ಅತ್ತೆ ಅಡುಗೆಮನೆಯಲ್ಲಿದ್ದಳು, ನಾನೇ ತೆರೆದೆ. ನಡುವೆ ಒಂದು ಪುಟದಲ್ಲಿ ನನ್ನ ಅವ್ವನ ಹೆಸರಿತ್ತು, ನನ್ನ ತಾರೀಕಿತ್ತು. ಗಂಡು, ಏಳು ತಿಂಗಳು. ತೂಕ ಒಂದು ಕಿಲೋ ನಾಲ್ಕುನೂರು. ಅದರ ಮುಂದೆ "ಉಳಿಯುವ ಭರವಸೆ ಕಡಿಮೆ" ಎಂದು ಬರೆದು, ಆಮೇಲೆ ಯಾವಾಗಲೋ ಬೇರೆ ಪೆನ್ನಿನಿಂದ ಹೊಡೆದುಹಾಕಿದ್ದಳು.

ಉಳಿದ ಮಕ್ಕಳಿಗೆಲ್ಲ ಒಂದೊಂದು ಸಾಲು. ನನ್ನ ಕೆಳಗೆ ಸಾಲುಗಳು ಮುಗಿಯುವುದೇ ಇಲ್ಲ. ಮರುದಿನದ ತೂಕ, ಅದರ ಮರುದಿನದ್ದು. ಇಪ್ಪತ್ತು ಗ್ರಾಂ ಇಳಿದದ್ದು, ಹತ್ತು ಗ್ರಾಂ ಏರಿದ್ದು. ಆಮೇಲೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಶಾಲೆಗೆ ಸೇರಿದ ವರ್ಷ, ಕಾಲೇಜಿನ ರಜೆ, ಮದುವೆಯ ಹಿಂದಿನ ವಾರ. ಪುಟ ಸಾಲದೆ ಹಾಳೆ ಅಂಟಿಸಿದ್ದಳು. ಕೊನೆಯ ಸಾಲಿನಲ್ಲಿ ಕಳೆದ ಭಾನುವಾರದ ತಾರೀಕು, ಎಂಬತ್ತಮೂರು ಕಿಲೋ. ನನ್ನನ್ನು ತೂಗಿ ಅವಳು ಒಳಗೆ ಹೋಗುತ್ತಿದ್ದದ್ದು ಬರೀ ಚಹಾಕ್ಕಲ್ಲ. ನನಗೆ ಅಕ್ಷರ ಕಾಣದಾಯಿತು.

ಅತ್ತೆ ಬಂದು ಹಿಂದೆ ನಿಂತದ್ದು ಗೊತ್ತಾಯಿತು.

"ಅಂಗಡ್ಯಾಗ ಒಂದು ಕಿಲೋ ನಾಲ್ಕುನೂರಿಂದು ಬ್ಯಾಡ ಅಂದಿ" ಎಂದೆ.

"ಅನುಭವದ ಮ್ಯಾಲ ಹೇಳ್ದೆ" ಎಂದಳು. "ಎರಡು ವರ್ಷ ನಾ ಕಣ್ಣು ಮುಚ್ಚಿಲ್ಲ. ಈ ವಯಸ್ಸಿನಾಗ ಅಂಥಾದು ಇನ್ನೊಂದು ನನ್ನ ಕೈಲೆ ಆಗ್ತಿರಲಿಲ್ಲ."

ಅಂದು ನಾನು ಅವಸರದಲ್ಲಿ ನೇರ ಕಂಪ್ಯೂಟರಿನ ಮುಂದೆ ಕುಳಿತುಬಿಟ್ಟಿದ್ದೆ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಯಾರೂ ಹೇಳದೆ, ಎದ್ದು ಹೋಗಿ ಕಾಟಾದ ಮೇಲೆ ನಿಂತೆ.

ಅವಳು ಕೆಂಪು ನೋಟ್‌ಬುಕ್ಕನ್ನೂ ಪೆನ್ನನ್ನೂ ಹಿಡಿದು ಬಂದಳು. ಕಣ್ಣೊರೆಸಿಕೊಂಡು ಮುಳ್ಳು ನೋಡಿದಳು.

"ಕಿಸೆದಾಗಿನ ಮೊಬೈಲ್ ತೆಗಿ" ಎಂದಳು.